ಉಸಿರಿಗೆ ಸುದ್ದಿ ಮುಟ್ಟಿಸುವ ನರಗಳು

1954ರಲ್ಲಿ ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಫೌಲರ್ ಒಂದು ಸರಳ ಪ್ರಯೋಗ ಮಾಡಿದರು. ಉಸಿರು ಕಟ್ಟಿ ಕೂತವರು ಇನ್ನು ತಡೆಯಲಾರೆ ಎಂದು ಸೋತ ಕ್ಷಣದಲ್ಲಿ ಅವರಿಗೆ ಶುದ್ಧ ಗಾಳಿ ಕೊಡಲಿಲ್ಲ. ಆ ಹೊತ್ತಿಗೆ ಅವರ ಶ್ವಾಸಕೋಶದಲ್ಲಿ ಇದ್ದಂಥದೇ ಗಾಳಿಯನ್ನು, ಅಂದರೆ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದ ಗಾಳಿಯನ್ನು ಕೆಲವು ಸಲ ಎಳೆದು ಬಿಡಲು ಹೇಳಿದರು. ರಕ್ತದ ಸ್ಥಿತಿ ಇದರಿಂದ ಸುಧಾರಿಸುವಂತಿರಲಿಲ್ಲ. ಆದರೂ ಹಿಂಸೆ ತಟ್ಟನೆ ಇಳಿಯಿತು. ಅವರು ಮತ್ತೊಮ್ಮೆ ಉಸಿರು ಕಟ್ಟಬಲ್ಲವರಾದರು.

ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ ಮಿದುಳು ಉಸಿರಾಡಿಸುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದು ನಿಜವೇ. ಆದರೆ ಅಷ್ಟರಿಂದ ಫೌಲರ್ ಕಂಡದ್ದಕ್ಕೆ ವಿವರಣೆ ಸಿಗುವುದಿಲ್ಲ. ಎದೆಗೂಡು ಅಲುಗಿತು, ಶ್ವಾಸಕೋಶ ಹಿಗ್ಗಿ ಕುಗ್ಗಿತು ಎಂಬ ಸುದ್ದಿಯನ್ನು ಯಾವುದೋ ನರ ಮಿದುಳಿಗೆ ಮುಟ್ಟಿಸಿತು. ಮಿದುಳು ಅದನ್ನೇ ನಂಬಿ ಸಮಾಧಾನಗೊಂಡಿತು. ಯಾವ ನರ, ಎಂಥ ಸುದ್ದಿ, ಅದಕ್ಕೆ ಎಷ್ಟು ಬೆಲೆ ಎಂಬ ಚರ್ಚೆಗೆ ಈಗ ನೂರೈವತ್ತಕ್ಕೂ ಹೆಚ್ಚು ವರ್ಷಗಳಾಗಿವೆ.

ಈ ಚರ್ಚೆಯಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಹೆಣೆದುಕೊಂಡಿವೆ. ಉಸಿರಿನ ಲಯ ಹುಟ್ಟುವುದು ಎಲ್ಲಿ? ಎಷ್ಟು ಉಸಿರಾಡಬೇಕು ಎಂದು ತೀರ್ಮಾನಿಸುವವರು ಯಾರು? ಉಸಿರು ಸಾಲದೆಂಬ ಸಂಕಟ ಬರುವುದು ಎಲ್ಲಿಂದ? ಸಂವೇದಕ ನರಗಳ ಪಾಲು ಮೂರರಲ್ಲೂ ಒಂದೇ ತೆರನಾಗಿಲ್ಲ. ಒಂದಕ್ಕೆ ಸಿಕ್ಕ ಉತ್ತರವನ್ನು ಇನ್ನೊಂದಕ್ಕೂ ಹೊಂದಿಸಲು ಹೋದದ್ದರಿಂದಲೇ ವಾದ ಇಷ್ಟು ದೀರ್ಘವಾಯಿತು ಎಂಬುದು ನನ್ನ ಅಭಿಪ್ರಾಯ.

ಲಯ ಒಳಗಿನದೋ ಹೊರಗಿನದೋ

ಫ್ರಾನ್ಸಿನ ಲೆಗಾಲ್ವಾ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೊಲಗಳ ಮಿದುಳನ್ನು ಮೇಲಿನಿಂದ ಹಂತ ಹಂತವಾಗಿ ತೆಗೆಯುತ್ತ ಹೋದರು. ಉಸಿರು ನಿಲ್ಲಲಿಲ್ಲ. ಶ್ವಾಸಕೋಶದ ಸುದ್ದಿಯನ್ನು ಮಿದುಳಿಗೆ ಒಯ್ಯುವ ವೇಗಸ್ ನರ ಹೊರಡುವ ಮಟ್ಟದಲ್ಲಿ, ಅಂದರೆ ಬೆನ್ನುಹುರಿಗೆ ತಾಗಿಕೊಂಡಿರುವ ಮೆಡುಲ್ಲಾ ಭಾಗದಲ್ಲಿ ಕತ್ತರಿ ಬಿದ್ದಾಗ ನಿಂತಿತು. ಉಸಿರಿಗೆ ಮಿದುಳಿನೊಳಗೆ ಒಂದು ನೆಲೆ ಇದೆ ಎಂಬ ಕಲ್ಪನೆ ಗಟ್ಟಿಯಾದದ್ದು ಆಗ.

1868ರಲ್ಲಿ ವಿಯೆನ್ನಾದಿಂದ ಎರಡನೆಯ ಪಕ್ಷದ ದನಿ ಕೇಳಿಸಿತು. ಎವಾಲ್ಡ್ ಹೆರಿಂಗ್ ಮತ್ತು ಇಪ್ಪತ್ತಾರರ ಹರೆಯದ ವೈದ್ಯ ಯೋಸೆಫ್ ಬ್ರಾಯರ್ ಪ್ರಾಣಿಗಳ ಶ್ವಾಸಕೋಶವನ್ನು ಗಾಳಿಯಿಂದ ಉಬ್ಬಿಸಿ ನೋಡಿದರು: ಒಳ ಉಸಿರು ಅಲ್ಲಿಗೇ ನಿಂತು ಹೊರ ಉಸಿರು ಶುರುವಾಯಿತು. ಗಾಳಿ ಎಳೆದು ತೆಗೆದರೆ ಒಳ ಉಸಿರಿಗೆ ಚಾಲನೆ ಸಿಕ್ಕಿತು. ವೇಗಸ್ ನರ ಕತ್ತರಿಸಿದರೆ ಎರಡೂ ಮಾಯ. ಪ್ರಾಣಿ ನಿಧಾನವಾಗಿ, ಆಳವಾಗಿ ಉಸಿರಾಡತೊಡಗಿತು. ಪ್ರತಿ ಉಸಿರೂ ತನ್ನ ಅಂತ್ಯವನ್ನು ತಾನೇ ಸೂಚಿಸುತ್ತದೆ, ಉಸಿರಾಟ ತನ್ನನ್ನು ತಾನೇ ನಡೆಸಿಕೊಳ್ಳುತ್ತದೆ ಎಂದು ಅವರು ವಾದಿಸಿದರು. ಮುಂದೆ ಫ್ರಾಯ್ಡ್ ಜೊತೆ ಹಿಸ್ಟೀರಿಯಾ ಕುರಿತ ಪುಸ್ತಕ ಬರೆದು ಹೆಸರಾದವರೂ ಇದೇ ಬ್ರಾಯರ್. ಫಲಿತಾಂಶ ಹಿಮ್ಮರಳಿ ಬಂದು ತನ್ನ ಕಾರಣವನ್ನೇ ತಿದ್ದುವ ವ್ಯವಸ್ಥೆಯನ್ನು ದೇಹದಲ್ಲಿ ಇಷ್ಟು ಸ್ಪಷ್ಟವಾಗಿ ತೋರಿಸಿದ ಕೆಲಸ ಅದಕ್ಕೂ ಮುಂಚೆ ವಿರಳ. ನನ್ನ ದೃಷ್ಟಿಯಲ್ಲಿ ಬ್ರಾಯರ್ ನೆನಪಿನಲ್ಲಿ ಉಳಿಯಬೇಕಾದದ್ದು ಈ ಕೆಲಸಕ್ಕೆ.

ಕೇಂಬ್ರಿಜ್‌ನ ಎಡ್ಗರ್ ಏಡ್ರಿಯನ್ 1933ರಲ್ಲಿ ವೇಗಸ್‌ನ ಒಂದೊಂದೇ ನರತಂತುವಿನ ವಿದ್ಯುತ್ ಮಿಡಿತವನ್ನು ದಾಖಲಿಸಿದರು. ಶ್ವಾಸಕೋಶ ಹಿಗ್ಗಿದಷ್ಟೂ ಮಿಡಿತ ದಟ್ಟವಾಗುತ್ತಿತ್ತು. ಹೆರಿಂಗ್ ಮತ್ತು ಬ್ರಾಯರ್ ಊಹಿಸಿದ್ದ ಗ್ರಾಹಕಗಳು ಇದ್ದದ್ದು ಖಚಿತವಾಯಿತು. ಆದರೆ ಇದೇ ಏಡ್ರಿಯನ್ ಎರಡು ವರ್ಷ ಹಿಂದೆ ಬೈಟೆಂಡೈಕ್ ಅವರೊಂದಿಗೆ ಗೋಲ್ಡ್‌ಫಿಶ್‌ನ ಮಿದುಳಿನ ಕಾಂಡವನ್ನು ಹೊರತೆಗೆದು ಪರೀಕ್ಷಿಸಿದ್ದರು. ಯಾವ ನರದ ಸುದ್ದಿಯೂ ತಲುಪದ ಆ ತುಣುಕಿನಲ್ಲೂ ಉಸಿರಾಟದ ಗತಿಯನ್ನು ಹೋಲುವ ವಿದ್ಯುತ್ ಅಲೆಗಳು ಏಳುತ್ತಿದ್ದವು. ಹೀಗೆ ಎರಡೂ ಪಕ್ಷಗಳಿಗೆ ಒಬ್ಬರೇ ವಿಜ್ಞಾನಿಯಿಂದ ಸಾಕ್ಷಿ ಸಿಕ್ಕಿತು.

ಈ ಮೊದಲ ಪ್ರಶ್ನೆಗೆ ಬಹುಪಾಲು ತೆರೆ ಬಿದ್ದದ್ದು 1991ರಲ್ಲಿ. ಜೆಫ್ರಿ ಸ್ಮಿತ್, ಜಾಕ್ ಫೆಲ್ಡ್‌ಮನ್ ಮತ್ತು ಸಂಗಡಿಗರು ನವಜಾತ ಇಲಿಯ ಮೆಡುಲ್ಲಾದಲ್ಲಿ ಪ್ರಿ-ಬೋಟ್ಸಿಂಗರ್ ಎಂಬ ಪುಟ್ಟ ನರಕೋಶ ಗುಂಪನ್ನು ಗುರುತಿಸಿದರು. ಅದನ್ನು ಒಳಗೊಂಡ ತೆಳುವಾದ ಪದರವೊಂದು ಗಾಜಿನ ತಟ್ಟೆಯಲ್ಲಿ ತಾನೇ ತಾನಾಗಿ ಲಯ ಹೊರಡಿಸುತ್ತದೆ. ಲಯ ಒಳಗಿನದು, ಸಂವೇದಕ ನರಗಳು ಅದನ್ನು ತಿದ್ದುವಂಥವು ಎಂಬುದನ್ನು ಈಗ ಹೆಚ್ಚಿನವರು ಒಪ್ಪುತ್ತಾರೆ.

ಮನುಷ್ಯರಲ್ಲಿ ಈ ತಿದ್ದುಪಡಿ ಎಷ್ಟು ಎಂಬುದು ಬೇರೆಯೇ ಮಾತು. ವಿಶ್ರಾಂತಿಯಲ್ಲಿ ನಾವು ಒಂದು ಸಲಕ್ಕೆ ಒಳಗೆಳೆಯುವುದು ಸುಮಾರು ಅರ್ಧ ಲೀಟರ್ ಗಾಳಿ. ವಯಸ್ಕರಲ್ಲಿ ಹೆರಿಂಗ್-ಬ್ರಾಯರ್ ಪ್ರತಿವರ್ತನೆ ಎಚ್ಚೆತ್ತುಕೊಳ್ಳಲು ಅದರ ದುಪ್ಪಟ್ಟಾದರೂ ಬೇಕು. ಎಳೆ ಶಿಶುಗಳಲ್ಲಿ ಅದು ಬಲವಾಗಿದೆ, ಬೆಳೆದಂತೆ ಹಿಂದೆ ಸರಿಯುತ್ತದೆ. 1960ರ ದಶಕದಲ್ಲಿ ಲಂಡನ್ನಿನ ಅಬ್ರಹಾಂ ಗೂಸ್ ತಂಡ ಎಚ್ಚರವಿರುವ ಸ್ವಯಂಸೇವಕರ ವೇಗಸ್ ನರಕ್ಕೆ ಸ್ಥಳೀಯ ಅರಿವಳಿಕೆ ಕೊಟ್ಟು ನೋಡಿತು. ವಿಶ್ರಾಂತಿಯ ಉಸಿರಿನ ಗತಿ ಹೆಚ್ಚೇನೂ ಬದಲಾಗಲಿಲ್ಲ. ಆದರೆ ಉಸಿರು ಕಟ್ಟಿ ಹಿಡಿಯುವ ಅವಧಿ ಉದ್ದವಾಯಿತು, ಹಿಂಸೆ ಕಡಿಮೆಯಾಯಿತು. ಬೆಕ್ಕು ಮೊಲಗಳ ಪಾಠವನ್ನು ಮನುಷ್ಯನಿಗೆ ಹಾಗೆ ಹಾಗೇ ಹಚ್ಚಬಾರದು ಎಂಬ ಎಚ್ಚರಿಕೆ ಈ ಪ್ರಯೋಗದಲ್ಲಿದೆ.

ರಕ್ತದ ರುಚಿ ನೋಡುವವರು

ಎಷ್ಟು ಉಸಿರಾಡಬೇಕು ಎಂಬ ಎರಡನೆಯ ಪ್ರಶ್ನೆಯಲ್ಲಿ ಮೊದಲು ಗೆದ್ದದ್ದು ರಸಾಯನ ಪಕ್ಷ. 1905ರಲ್ಲಿ ಹಾಲ್ಡೇನ್ ಮತ್ತು ಪ್ರೀಸ್ಟ್‌ಲಿ ಶ್ವಾಸಕೋಶದ ಗಾಳಿಗೂಡುಗಳಲ್ಲಿ ಇಂಗಾಲದ ಡೈಆಕ್ಸೈಡ್ ಮಟ್ಟ ಅಚ್ಚರಿಯಷ್ಟು ಸ್ಥಿರವಾಗಿರುತ್ತದೆ, ಅದು ತುಸು ಏರಿದರೂ ಉಸಿರು ಹೆಚ್ಚುತ್ತದೆ ಎಂದು ತೋರಿಸಿದರು. ರಕ್ತವೇ ನೇರವಾಗಿ ಮಿದುಳಿಗೆ ಹೇಳುತ್ತದೆ ಎಂದಾದರೆ ನರಗಳಿಗೆ ಇಲ್ಲಿ ಕೆಲಸವೇ ಇಲ್ಲ ಎಂದು ಹಲವರು ಭಾವಿಸಿದ್ದರು.

ಆ ಭಾವನೆಯನ್ನು ಅಲ್ಲಾಡಿಸಿದವರು ಇಬ್ಬರು. ಮಹಾನ್ ನರವಿಜ್ಞಾನಿ ಕಹಾಲ್ ಅವರ ಶಿಷ್ಯ, ಮ್ಯಾಡ್ರಿಡ್‌ನ ಫರ್ನಾಂಡೊ ದೆ ಕಾಸ್ಟ್ರೊ, ಕುತ್ತಿಗೆಯಲ್ಲಿ ಕ್ಯಾರೊಟಿಡ್ ಅಪಧಮನಿ ಕವಲೊಡೆಯುವ ಜಾಗದಲ್ಲಿರುವ ಅಕ್ಕಿಕಾಳಿನಷ್ಟು ಗಾತ್ರದ ಅಂಗವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದರು. ಅದರ ನರ ತುದಿಗಳ ಹೆಣಿಗೆಯನ್ನು ನೋಡಿ 1928ರ ಹೊತ್ತಿಗೆ, ಇದು ರಕ್ತದ ರುಚಿ ನೋಡುವ ಅಂಗವಿರಬೇಕು ಎಂದರು. ಬೆಲ್ಜಿಯಂನ ಗೆಂಟ್ ನಗರದಲ್ಲಿ ಕಾರ್ನೇಲ್ ಹೇಮನ್ಸ್ ನಾಯಿಗಳ ಮೇಲಿನ ಕೌಶಲದ ಶಸ್ತ್ರಕ್ರಿಯೆಗಳಿಂದ ಅದನ್ನು ಸಾಬೀತುಗೊಳಿಸಿದರು. 1938ರ ನೊಬೆಲ್ ಹೇಮನ್ಸ್‌ಗೆ ಸಂದಿತು. ದೆ ಕಾಸ್ಟ್ರೊ ಹೆಸರು ಅದರಲ್ಲಿರಲಿಲ್ಲ, ಇದ್ದಿದ್ದರೆ ನ್ಯಾಯವಾಗುತ್ತಿತ್ತು.

ಈಗ ಒಪ್ಪಿತವಾದ ಚಿತ್ರ ಹೀಗಿದೆ. ಕ್ಯಾರೊಟಿಡ್ ಅಂಗದ ಸುದ್ದಿ ಒಂಬತ್ತನೆಯ ಕಪಾಲ ನರದ ಮೂಲಕ ಮೆಡುಲ್ಲಾಕ್ಕೆ ಹೋಗುತ್ತದೆ. ಅಪಧಮನಿಯ ರಕ್ತದಲ್ಲಿ ಆಮ್ಲಜನಕದ ಒತ್ತಡ ಸಾಮಾನ್ಯವಾಗಿ ಸುಮಾರು 100 ಮಿಲಿಮೀಟರ್ ಪಾದರಸದಷ್ಟು; ಅದು 60ರ ಕೆಳಗಿಳಿದಾಗ ಈ ಅಂಗದ ಕೂಗು ತೀವ್ರವಾಗುತ್ತದೆ. ಇಂಗಾಲದ ಡೈಆಕ್ಸೈಡನ್ನು ಮುಖ್ಯವಾಗಿ ಗಮನಿಸುವುದು ಮಿದುಳಿನ ಕಾಂಡದ ಗ್ರಾಹಕಗಳು. ಆ ಹಾದಿಯ ಬೆಳವಣಿಗೆಗೆ ಬೇಕಾದ ಪಿಎಚ್‌ಓಎಕ್ಸ್2ಬಿ ಎಂಬ ವಂಶವಾಹಿಯಲ್ಲಿ ದೋಷವಿರುವ ಮಕ್ಕಳು ನಿದ್ದೆಗೆ ಜಾರಿದಾಗ ಸಾಕಷ್ಟು ಉಸಿರಾಡುವುದಿಲ್ಲ. ರಾತ್ರಿಯೆಲ್ಲ ಯಂತ್ರದ ನೆರವು ಬೇಕಾಗುತ್ತದೆ. ದೋಷದ ಮೂಲ ಪತ್ತೆಯಾದದ್ದು 2003ರಲ್ಲಿ.

ಆದರೆ ಕ್ಯಾರೊಟಿಡ್ ಅಂಗದ ಕೋಶ ಆಮ್ಲಜನಕದ ಕೊರತೆಯನ್ನು ಅರಿಯುವುದು ಹೇಗೆ? ಒಂದು ಪಂಥ ಕೋಶದ ಪೊಟ್ಯಾಸಿಯಂ ಮಾರ್ಗಗಳನ್ನು ತೋರಿಸುತ್ತದೆ. 1988ರಲ್ಲಿ ಸ್ಪೇನಿನ ಲೋಪೆಸ್-ಬಾರ್ನೆಯೊ ತಂಡದ ಕೆಲಸ ಅದಕ್ಕೆ ಬುನಾದಿ. ಇನ್ನೊಂದು ಮೈಟೊಕಾಂಡ್ರಿಯಾವನ್ನು ತೋರಿಸುತ್ತದೆ. ಶಿಕಾಗೊ ವಿಶ್ವವಿದ್ಯಾಲಯದಲ್ಲಿರುವ ಭಾರತೀಯ ಮೂಲದ ನಂದೂರಿ ಪ್ರಭಾಕರ್ ಅವರ ತಂಡ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಸಲ್ಫೈಡ್ ಅನಿಲಗಳ ಪರಸ್ಪರ ಹಿಡಿತದಲ್ಲಿ ಉತ್ತರ ಹುಡುಕಿದೆ. ಮೂರಕ್ಕೂ ಪುರಾವೆಗಳಿವೆ. ಒಂದೇ ವಿವರಣೆ ಸಾಕೆಂದು ಹೇಳುವ ಕಾಲ ಇನ್ನೂ ಬಂದಿಲ್ಲ.

ಪೈಂಟಲ್ ಕಂಡ ಗ್ರಾಹಕ

ಭಾರತದ ಹೆಸರು ಈ ಕ್ಷೇತ್ರದಲ್ಲಿ ಗಟ್ಟಿಯಾಗಿ ನಿಲ್ಲುವುದು ಅವತಾರ್ ಸಿಂಗ್ ಪೈಂಟಲ್ ಅವರಿಂದ. ಲಕ್ನೋದಲ್ಲಿ ವೈದ್ಯಕೀಯ ಓದಿ, ಎಡಿನ್‌ಬರೋದಲ್ಲಿ ಸಂಶೋಧನೆ ಮಾಡಿ, ಮುಂದೆ ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯನ್ನು ಬಹುಕಾಲ ನಡೆಸಿದವರು ಅವರು. ಬೆಕ್ಕಿನ ವೇಗಸ್ ನರದಿಂದ ಒಂದೊಂದೇ ಎಳೆ ಬಿಡಿಸಿ, ಯಾವ ಪ್ರಚೋದನೆಗೆ ಅದು ಮಿಡಿಯುತ್ತದೆ ಎಂದು ಹುಡುಕುವುದು ಅವರ ವಿಧಾನ. ಅತ್ಯಂತ ತಾಳ್ಮೆಯ ಕೆಲಸ ಅದು. 1955ರಲ್ಲಿ ಅವರು ವರದಿ ಮಾಡಿದ ಒಂದು ಬಗೆಯ ಗ್ರಾಹಕ ಶ್ವಾಸಕೋಶದ ಸಾಧಾರಣ ಹಿಗ್ಗುವಿಕೆಗೆ ಬಹುತೇಕ ಮೌನವಾಗಿತ್ತು. ಹೃದಯದ ಬಲಭಾಗಕ್ಕೆ ಫೀನೈಲ್ ಡೈಗ್ವನೈಡ್ ಎಂಬ ರಾಸಾಯನಿಕ ಚುಚ್ಚಿದರೆ ಮಾತ್ರ ಕ್ಷಣಗಳಲ್ಲಿ ಸಿಡಿಯುತ್ತಿತ್ತು. ಹೃದಯದ ಬಲಭಾಗದ ರಕ್ತ ನೇರವಾಗಿ ಹೋಗುವುದು ಶ್ವಾಸಕೋಶಕ್ಕೆ; ಅಂದ ಮೇಲೆ ಅದು ಶ್ವಾಸಕೋಶದ ಲೋಮನಾಳಗಳ ಮಗ್ಗುಲಲ್ಲೇ ಇರಬೇಕು ಎಂದು ತರ್ಕಿಸಿ, ಮುಂದೆ 1969ರಲ್ಲಿ ಅದನ್ನು ಜೆ ಗ್ರಾಹಕ ಎಂದು ಕರೆದರು.

ಈ ಗ್ರಾಹಕದ ಸಹಜ ಕೆಲಸ ಏನು? ಲೋಮನಾಳಗಳಿಂದ ದ್ರವ ಜಿನುಗಿ ಸುತ್ತಲಿನ ಅಂಗಾಂಶದಲ್ಲಿ ತುಂಬಿಕೊಂಡಾಗ ಎಚ್ಚರಿಸುವುದು ಎಂದು ಪೈಂಟಲ್ ಹೇಳಿದರು. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದವರು ಯಾಕೆ ವೇಗವಾಗಿ, ಮೇಲುಮೇಲಕ್ಕೆ ಉಸಿರಾಡುತ್ತಾರೆ, ರಕ್ತದ ಆಮ್ಲಜನಕ ಇನ್ನೂ ಸಾಕಷ್ಟಿದ್ದಾಗಲೂ ಯಾಕೆ ಅಷ್ಟು ಕಂಗೆಡುತ್ತಾರೆ ಎಂಬುದಕ್ಕೆ ಇದು ನೇರ ವಿವರಣೆ. ಅವರು ಇನ್ನೂ ಒಂದು ಹೆಜ್ಜೆ ಮುಂದಿಟ್ಟರು: ಕಠಿಣ ವ್ಯಾಯಾಮದಲ್ಲೂ ಈ ಗ್ರಾಹಕಗಳು ಎಚ್ಚೆತ್ತು ಕೈಕಾಲಿನ ಸ್ನಾಯುಗಳ ಬಿಗಿಯನ್ನು ತಗ್ಗಿಸಿ, ಹೃದಯಕ್ಕೆ ಅಪಾಯವಾಗುವ ಮೊದಲೇ ನಮ್ಮನ್ನು ನಿಲ್ಲಿಸುತ್ತವೆ ಎಂದರು.

ಇಲ್ಲಿ ಭಿನ್ನಾಭಿಪ್ರಾಯ ತೀವ್ರವಾಯಿತು. ಸ್ಯಾನ್ ಫ್ರಾನ್ಸಿಸ್ಕೊದ ಕೋಲ್‌ರಿಜ್ ದಂಪತಿ ಇವನ್ನು ಶ್ವಾಸಕೋಶದ ಸಣ್ಣ ಸಿ-ತಂತುಗಳ ದೊಡ್ಡ ಬಳಗದ ಭಾಗವಾಗಿ ನೋಡಿದರು. 1998ರಲ್ಲಿ ಆಸ್ಟ್ರೇಲಿಯಾದ ಸೈಮನ್ ಗ್ಯಾಂಡೇವಿಯಾ ತಂಡ ಈ ತಂತುಗಳನ್ನು ಕೆರಳಿಸುವ ಲೋಬೆಲಿನ್ ಔಷಧಿಯನ್ನು ಮನುಷ್ಯರಿಗೆ ಕೊಟ್ಟು ಪರೀಕ್ಷಿಸಿತು. ಸ್ನಾಯುಗಳ ಬಲ ಕುಂದಿದ್ದು ಕಾಣಲಿಲ್ಲ. ಸ್ನಾಯು ತಡೆಯುವ ವಾದ ಮನುಷ್ಯರ ಮಟ್ಟಿಗೆ ದುರ್ಬಲವಾಗಿದೆ ಎಂದೇ ನಾನು ಓದಿಕೊಳ್ಳುತ್ತೇನೆ. ಗ್ರಾಹಕದ ಇರುವಿಕೆ ಮತ್ತು ಶ್ವಾಸಕೋಶದ ನೀರಿನೊಂದಿಗೆ ಅದರ ನಂಟು ಮಾತ್ರ ಗಟ್ಟಿಯಾಗಿ ನಿಂತಿವೆ. ನಮ್ಮ ವೈದ್ಯಕೀಯ ವಿದ್ಯಾರ್ಥಿಗಳು ಜೆ ಗ್ರಾಹಕವನ್ನು ಪರೀಕ್ಷೆಯ ಎರಡು ಅಂಕದ ಪ್ರಶ್ನೆಯಾಗಿ ಬಾಯಿಪಾಠ ಮಾಡುವುದನ್ನು ಕಂಡಾಗ, ಅದರ ಹಿಂದಿರುವ ಈ ದೊಡ್ಡ ವಾದವನ್ನೂ ಅವರಿಗೆ ಹೇಳಬಾರದೇ ಅನ್ನಿಸುತ್ತದೆ.

ಓಡುವಾಗ ಏರುವ ಉಸಿರು

ವಿಶ್ರಾಂತಿಯಲ್ಲಿ ನಿಮಿಷಕ್ಕೆ ಆರೆಂಟು ಲೀಟರ್ ಇರುವ ಉಸಿರಾಟ ಕಠಿಣ ಶ್ರಮದಲ್ಲಿ ನೂರು ಲೀಟರ್ ದಾಟಬಹುದು. ವಿಚಿತ್ರವೆಂದರೆ ಮಧ್ಯಮ ಶ್ರಮದಲ್ಲಿ ಅಪಧಮನಿಯ ರಕ್ತದ ಅನಿಲಗಳು ಹೆಚ್ಚು ಕಡಿಮೆ ಇದ್ದ ಹಾಗೇ ಇರುತ್ತವೆ. ಏರದ ಇಂಗಾಲದ ಡೈಆಕ್ಸೈಡ್ ಉಸಿರನ್ನು ಏರಿಸಿದ್ದು ಹೇಗೆ?

ಡೆನ್ಮಾರ್ಕಿನ ಕ್ರೋಗ್ ಮತ್ತು ಲಿಂಡ್‌ಹಾರ್ಡ್ 1913ರಲ್ಲೇ, ಸೈಕಲ್ ತುಳಿಯತೊಡಗಿದ ಕ್ಷಣವೇ ಉಸಿರು ಜಿಗಿಯುವುದನ್ನು ಗಮನಿಸಿದ್ದರು. ರಕ್ತ ಸುತ್ತಿ ಬರಲು ಅಷ್ಟು ಹೊತ್ತು ಸಾಲದು. ಕಾಲಿಗೆ ಆಜ್ಞೆ ಕೊಡುವ ಮಿದುಳೇ ಉಸಿರಿಗೂ ಕೊಡುತ್ತದೆ ಎಂಬುದು ಅವರ ಪಕ್ಷ. ಎದುರು ಪಕ್ಷ ಸ್ನಾಯುಗಳ ಸಂವೇದಕ ನರಗಳದ್ದು. 1972ರಲ್ಲಿ ಮೆಕ್ಲಾಸ್ಕಿ ಮತ್ತು ಮಿಚೆಲ್, ಸ್ನಾಯುವಿನ ಸೂಕ್ಷ್ಮ ನರತಂತುಗಳು ಉಸಿರನ್ನೂ ಹೃದಯಬಡಿತವನ್ನೂ ಏರಿಸುತ್ತವೆ ಎಂದು ಬೆಕ್ಕುಗಳಲ್ಲಿ ತೋರಿಸಿದರು. 2010ರಲ್ಲಿ ಮಾರ್ಕಸ್ ಅಮನ್ ಮತ್ತು ಸಂಗಡಿಗರು ಸೈಕಲ್ ತುಳಿಯುವವರ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಫೆಂಟನಿಲ್ ಚುಚ್ಚಿ ಕಾಲಿನ ಸುದ್ದಿಯನ್ನು ತಡೆದಾಗ ಉಸಿರಾಟ ತಗ್ಗಿತು, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿತು. ಮನುಷ್ಯರಲ್ಲಿ ಸಿಕ್ಕ ಇಷ್ಟು ನೇರವಾದ ಸಾಕ್ಷಿಯನ್ನು ಪಕ್ಕಕ್ಕಿಡಲಾಗದು. ಆದರೂ ಒಂದು ಹಾದಿ ಮುಚ್ಚಿದರೆ ಇನ್ನೊಂದು ಅದರ ಹೊರೆ ಹೊರುವುದರಿಂದ ಯಾವುದರ ಪಾಲು ಎಷ್ಟು ಎಂದು ಭಾಗ ಮಾಡಿ ಹೇಳಲು ಯಾರಿಗೂ ಆಗಿಲ್ಲ.

ಏದುಸಿರಿನ ಸಂಕಟ

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುವುದು ಮೂರನೆಯ ಪ್ರಶ್ನೆ. ಯಾಕೆಂದರೆ ರೋಗಿ ಹೊತ್ತು ತರುವುದು ಇದನ್ನೇ. ಉಬ್ಬಸದವರು ಎದೆ ಬಿಗಿಯುತ್ತದೆ ಎನ್ನುತ್ತಾರೆ, ಹೃದ್ರೋಗಿಗಳು ಮಲಗಿದರೆ ದಮ್ಮು ಕಟ್ಟುತ್ತದೆ ಎನ್ನುತ್ತಾರೆ, ಮೆಟ್ಟಿಲು ಹತ್ತಿ ಬಂದವರು ಮೇಲುಸಿರು ಬರುತ್ತದೆ ಎನ್ನುತ್ತಾರೆ. ಈ ಮೂರೂ ಬೇರೆ ಬೇರೆ ನರಗಳ ಸುದ್ದಿ ಎಂಬುದನ್ನು ವಿಜ್ಞಾನ ತಡವಾಗಿ ಗುರುತಿಸಿತು.

1963ರಲ್ಲಿ ಮೋರನ್ ಕ್ಯಾಂಬೆಲ್ ಮತ್ತು ಹೊವೆಲ್ ಹೇಳಿದ್ದು ಇಷ್ಟು: ಸ್ನಾಯು ಹಾಕಿದ ಬಲಕ್ಕೂ ಎದೆಗೂಡು ಹಿಗ್ಗಿದ ಪ್ರಮಾಣಕ್ಕೂ ತಾಳೆಯಾಗದಿದ್ದಾಗ ಏದುಸಿರಿನ ಭಾವ ಹುಟ್ಟುತ್ತದೆ. ಇದನ್ನು ಪರೀಕ್ಷಿಸಲು ಕ್ಯಾಂಬೆಲ್ ಸಂಗಡಿಗರು ಎಚ್ಚರವಿರುವ ಸ್ವಯಂಸೇವಕರ ಸ್ನಾಯುಗಳನ್ನು ಔಷಧಿಯಿಂದ ನಿಶ್ಚಲಗೊಳಿಸಿದರು. ಅವರನ್ನು ಉಸಿರಾಡಿಸುತ್ತಿದ್ದ ಯಂತ್ರ ನಿಲ್ಲಿಸಿದಾಗ ಅವರು ನಾಲ್ಕು ನಿಮಿಷದಷ್ಟು ಕಾಲವೂ ಹಿಂಸೆಯಿಲ್ಲದೆ ಇದ್ದರೆಂದು 1967ರಲ್ಲಿ ವರದಿಯಾಯಿತು. ಸ್ನಾಯುವಿಲ್ಲದೆ ಸಂಕಟವಿಲ್ಲ ಎಂಬ ತೀರ್ಮಾನ ಎರಡು ದಶಕ ಆಳಿತು.

1990ರಲ್ಲಿ ರಾಬರ್ಟ್ ಬ್ಯಾನ್ಜೆಟ್ ತಂಡ ಅದೇ ಬಗೆಯ ಪ್ರಯೋಗವನ್ನು ಹೆಚ್ಚು ಹಿಡಿತದಲ್ಲಿಟ್ಟುಕೊಂಡು ಮಾಡಿತು. ಸ್ನಾಯುಗಳು ಸಂಪೂರ್ಣ ನಿಶ್ಚಲ, ಯಂತ್ರ ಉಸಿರಾಡಿಸುತ್ತಲೇ ಇದೆ, ಇಂಗಾಲದ ಡೈಆಕ್ಸೈಡ್ ಮಾತ್ರ ಏರುತ್ತಿದೆ. ಸ್ವಯಂಸೇವಕರಿಗೆ ಗಾಳಿಗಾಗಿ ಹಪಹಪಿಸುವ ತೀವ್ರ ಸಂಕಟವಾಯಿತು. ಅಂದರೆ ಗಾಳಿಯ ಈ ಹಸಿವು ಮಿದುಳಿನ ಕಾಂಡದ ಒತ್ತಾಯದಿಂದಲೇ ಹುಟ್ಟಬಲ್ಲದು. ಮೇಲೆ ಹೇಳಿದ ವಂಶವಾಹಿ ದೋಷದ ಮಕ್ಕಳು ಇದಕ್ಕೆ ತಿರುಗುಮುರುಗಿನ ಸಾಕ್ಷಿ: ಇಂಗಾಲದ ಡೈಆಕ್ಸೈಡ್ ಏರಿದರೂ ಅವರಿಗೆ ಆ ಹಪಹಪಿ ಇಲ್ಲ. ಎರಡನೆಯ ವಾದ ಮೊದಲನೆಯದನ್ನು ಅಳಿಸಿಹಾಕಿಲ್ಲ. ಪ್ರಯಾಸದ ಭಾವವನ್ನೂ ಗಾಳಿಯ ಹಸಿವನ್ನೂ ಬೇರ್ಪಡಿಸಿದೆ. ಕತ್ತಿನ ಬಳಿ ಬೆನ್ನುಹುರಿಗೆ ಪೆಟ್ಟಾಗಿ ಎದೆಯ ಸ್ನಾಯುಗಳ ಅರಿವಿಲ್ಲದವರಲ್ಲೂ ಯಂತ್ರ ದೊಡ್ಡ ಉಸಿರು ಕೊಟ್ಟರೆ ಈ ಹಸಿವು ತಗ್ಗುತ್ತದೆ. ಆ ಸಮಾಧಾನ ವೇಗಸ್ ಮೂಲಕ ಬರುತ್ತದೆ ಎಂಬುದು ಹೆಚ್ಚು ಸಂಭವನೀಯ.

ಮುಖದ ಚರ್ಮಕ್ಕೂ ಇದರಲ್ಲಿ ಪಾಲಿದೆ. ಮುಖಕ್ಕೆ ತಣ್ಣನೆಯ ಗಾಳಿ ಬೀಸಿದರೆ ಏದುಸಿರಿನ ಸಂಕಟ ಕಡಿಮೆಯಾಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಸುದ್ದಿ ಹೋಗುವುದು ಐದನೆಯ ಕಪಾಲ ನರದ ಮೂಲಕ. ಕೈಯಲ್ಲಿ ಹಿಡಿಯುವ ಪುಟ್ಟ ಫ್ಯಾನು ಉಪಶಾಮಕ ಆರೈಕೆಯಲ್ಲಿ ಬಳಕೆಗೆ ಬಂದದ್ದು ಈ ಅರಿವಿನಿಂದ. ದೀರ್ಘಕಾಲದ ಶ್ವಾಸಕೋಶ ರೋಗದವರ ಮನೆಯಲ್ಲಿ ಇದೊಂದು ಅಗ್ಗದ, ನಿಜವಾದ ನೆರವು.

ಹೊಸ ಸಾಧನಗಳು, ಹಳೆಯ ಪ್ರಾಣಾಯಾಮ

2015ರಲ್ಲಿ ಹಾರ್ವರ್ಡ್‌ನ ಸ್ಟೀಫನ್ ಲಿಬರ್ಲೆಸ್ ತಂಡ ಇಲಿಗಳ ವೇಗಸ್‌ನಲ್ಲಿ ವಂಶವಾಹಿಗಳ ಗುರುತಿನಿಂದ ಎರಡು ಬಗೆಯ ತಂತುಗಳನ್ನು ಬೇರ್ಪಡಿಸಿ ಬೆಳಕಿನಿಂದ ಕೆರಳಿಸಿತು. ಒಂದನ್ನು ಕೆರಳಿಸಿದರೆ ಹೊರ ಉಸಿರಿನಲ್ಲೇ ಉಸಿರು ನಿಂತಿತು. ಇನ್ನೊಂದರಿಂದ ಪೈಂಟಲ್ ಹೇಳಿದ್ದನ್ನು ನೆನಪಿಸುವ ವೇಗದ ಮೇಲುಸಿರು ಬಂತು. 2017ರಲ್ಲಿ ಆರ್ಡೆಮ್ ಪಟಪೂಟಿಯನ್ ತಂಡ, ಶ್ವಾಸಕೋಶದ ಹಿಗ್ಗನ್ನು ಅರಿಯುವ ಅಣು ಪೀಜೋ2 ಎಂದು ತೋರಿಸಿತು. ಹೆರಿಂಗ್ ಮತ್ತು ಬ್ರಾಯರ್ ಕಂಡದ್ದಕ್ಕೆ ಅಣುವಿನ ಮಟ್ಟದ ಉತ್ತರ ಸಿಗಲು 149 ವರ್ಷ ಹಿಡಿಯಿತು. ಪೀಜೋ ಅಣುಗಳ ಶೋಧಕ್ಕಾಗಿ ಪಟಪೂಟಿಯನ್ 2021ರ ನೊಬೆಲ್ ಹಂಚಿಕೊಂಡರು.

ನಮ್ಮಲ್ಲಿ ಉಸಿರಿನ ಮಾತು ಬಂದರೆ ಪ್ರಾಣಾಯಾಮದ ಮಾತು ಬಾರದೆ ಇರದು. 2001ರಲ್ಲಿ ಲುಚಾನೊ ಬೆರ್ನಾರ್ಡಿ ತಂಡ, ಜಪಮಾಲೆಯ ಪ್ರಾರ್ಥನೆಯೂ ಯೋಗದ ಮಂತ್ರವೂ ಉಸಿರನ್ನು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಸುತ್ತವೆ, ಆ ಗತಿಯಲ್ಲಿ ರಕ್ತದೊತ್ತಡ ಕಾಯುವ ನರಗಳ ಪ್ರತಿವರ್ತನೆ ಚುರುಕಾಗುತ್ತದೆ ಎಂದು ವರದಿ ಮಾಡಿತು. ಯೋಗಾಭ್ಯಾಸಿಗಳಲ್ಲಿ ಇಂಗಾಲದ ಡೈಆಕ್ಸೈಡ್‌ಗೆ ಉಸಿರಿನ ಪ್ರತಿಕ್ರಿಯೆ ಮಂದವಾಗಿರುವುದನ್ನೂ ಅಧ್ಯಯನಗಳು ಕಂಡಿವೆ. ಆದರೆ ಇವು ಸಣ್ಣ ಅಧ್ಯಯನಗಳು. ನಿಧಾನದ ಉಸಿರು ಮನಸ್ಸನ್ನು ತಣಿಸುವುದು ವೇಗಸ್‌ನ ಹಿಗ್ಗು ಗ್ರಾಹಕಗಳಿಂದ ಎಂದು ಖಚಿತವಾಗಿ ಹೇಳುವವರು ಪುರಾವೆಗಿಂತ ಮುಂದೆ ಓಡುತ್ತಿದ್ದಾರೆ. ಪ್ರಾಣಾಯಾಮವನ್ನು ಗೌರವಿಸುವವರೇ ಇದನ್ನು ಮೊದಲು ಹೇಳಬೇಕು.

ಇತ್ಯರ್ಥವಾಗದೆ ಉಳಿದದ್ದು

ಆಮ್ಲಜನಕದ ಕೊರತೆಯನ್ನು ಅರಿಯುವ ಮೂಲ ಅಣು ಯಾವುದು? ವ್ಯಾಯಾಮದಲ್ಲಿ ಸ್ನಾಯು ನರಗಳ ಪಾಲೆಷ್ಟು, ಮಿದುಳಿನ ಆಜ್ಞೆಯ ಪಾಲೆಷ್ಟು? ಇಲಿಯಲ್ಲಿ ಬೇರ್ಪಡಿಸಿದ ವೇಗಸ್ ತಂತುಗಳು ಮನುಷ್ಯರಲ್ಲೂ ಅದೇ ಕೆಲಸ ಮಾಡುತ್ತವೆಯೇ? ಫೌಲರ್ ಕಂಡ ಸಮಾಧಾನ ಶ್ವಾಸಕೋಶದ ಹಿಗ್ಗಿನಿಂದ ಬಂದದ್ದೋ, ವಪೆ ಮತ್ತು ಪಕ್ಕೆಲುಬಿನ ಸ್ನಾಯುಗಳ ಚಲನೆಯಿಂದಲೋ? ಯಾವುದೂ ಮುಗಿದಿಲ್ಲ. 2020ರ ಕೋವಿಡ್ ಇನ್ನೊಂದನ್ನು ಸೇರಿಸಿತು. ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದರೂ ಕೆಲವರು ಆರಾಮಾಗಿ ಮಾತಾಡುತ್ತಿದ್ದರು. ವೈರಾಣು ಕ್ಯಾರೊಟಿಡ್ ಅಂಗವನ್ನೇ ಮಂಕಾಗಿಸಿತು ಎಂದು ಕೆಲವರು. ಇಂಗಾಲದ ಡೈಆಕ್ಸೈಡ್ ಏರದಿದ್ದರೆ ಗಾಳಿಯ ಹಸಿವು ಹೆಚ್ಚದು, ಇದು ಹಳೆಯ ಶರೀರಶಾಸ್ತ್ರವೇ ಎಂದು ಮಾರ್ಟಿನ್ ಟೋಬಿನ್ ಮುಂತಾದವರು. ಎರಡನೆಯದು ನನಗೆ ಹೆಚ್ಚು ಒಪ್ಪಿತ, ಆದರೆ ಮೊದಲನೆಯದನ್ನು ಇನ್ನೂ ತಳ್ಳಿಹಾಕಲಾಗಿಲ್ಲ.

ಆಗ ಕೊಂಡ ಆಕ್ಸಿಮೀಟರ್ ಈಗಲೂ ಅನೇಕ ಮನೆಗಳಲ್ಲಿದೆ. ಅದು ಅಳೆಯುವುದು ರಕ್ತದ ಆಮ್ಲಜನಕವನ್ನು ಮಾತ್ರ. ಇಂಗಾಲದ ಡೈಆಕ್ಸೈಡ್, ಶ್ವಾಸಕೋಶದ ನೀರು, ಸ್ನಾಯುವಿನ ಪ್ರಯಾಸ ಅದಕ್ಕೆ ಗೊತ್ತಾಗುವುದಿಲ್ಲ. ಅಂಕಿ ತೊಂಬತ್ತೇಳು ತೋರಿಸಿದರೂ ಉಸಿರಾಡಲು ಆಗುತ್ತಿಲ್ಲ ಎನ್ನುವವರ ಮಾತನ್ನು ದಯವಿಟ್ಟು ನಂಬಿ. ಅಂಕಿ ಎಂಬತ್ತೈದಕ್ಕೆ ಇಳಿದರೂ ನನಗೇನೂ ಆಗಿಲ್ಲ ಎನ್ನುವವರನ್ನು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.